ಇಸಿಜಿ ನಾರ್ಮಲ್, ಎದೆ ಮಾತ್ರ ಢವಢವ

ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ಮಂಡಿ ನಡೆಸುವವರೊಬ್ಬರು ಪ್ಲಾಸ್ಟಿಕ್ ಕವರು ಹಿಡಿದು ನನ್ನ ಹತ್ತಿರ ಬಂದರು. (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.) ಕವರಿನಲ್ಲಿ ಐದು ಇಸಿಜಿ, ಒಂದು ಎಕೋ (ಹಾರ್ಟಿನ ಸ್ಕ್ಯಾನ್), ಥೈರಾಯ್ಡ್ ರಿಪೋರ್ಟು. ಎಲ್ಲವೂ ನಾರ್ಮಲ್. ಹರಾಜು ಕೂಗುತ್ತಿದ್ದಾಗ ಇದ್ದಕ್ಕಿದ್ದ ಹಾಗೆ ಎದೆ ಹೊಡೆದುಕೊಂಡು ಮೈಯೆಲ್ಲ ಬೆವೆತಿತ್ತು. “ಪ್ರಾಣ ಹೋಗೇಬಿಡ್ತು ಅನ್ನಿಸ್ತು ಮೇಡಂ” ಅಂದರು. ಆಸ್ಪತ್ರೆಯಲ್ಲಿ “ಏನೂ ಇಲ್ಲ, ಗ್ಯಾಸ್ಟ್ರಿಕ್” ಅಂದು ಕಳಿಸಿದ್ದರು. ಮನೆಯವರು ತಾಯತ ಕಟ್ಟಿಸಿದ್ದರು.

ಈ ‘ಏನೂ ಇಲ್ಲ’ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಹಾರ್ಟಿಗೆ ಏನೂ ಆಗಿಲ್ಲ, ಸರಿ. ಮನುಷ್ಯನಿಗೆ ಏನೋ ಆಗಿದೆ ಅಲ್ವಾ?

ತೋಟದಲ್ಲಿ ಹಾವು ಕಂಡರೆ ಓಡಲೆಂದು ಮೈಯಲ್ಲಿ ಅಡ್ರಿನಲಿನ್ ಉಕ್ಕುತ್ತದೆ. ಇವರಿಗೆ ಬಂದದ್ದು ಪ್ಯಾನಿಕ್ ಅಟ್ಯಾಕ್, ಅಂದರೆ ಇದ್ದಕ್ಕಿದ್ದ ಹಾಗೆ ಏರುವ ಗಾಬರಿ. ಅದರಲ್ಲಿ ಹಾವಿಲ್ಲದೆಯೇ ಉಕ್ಕುತ್ತದೆ. ಸಾಮಾನ್ಯವಾಗಿ 10 ನಿಮಿಷದೊಳಗೆ ಏರಿ, ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಗಾಬರಿಗೆ ಉಸಿರು ಜೋರಾಗಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಆಗ ತುಟಿ ಜುಮ್ಮೆನ್ನುತ್ತದೆ, ತಲೆ ತಿರುಗುತ್ತದೆ. ಕೆಲವರ ಬೆರಳು ತುತ್ತು ಹಿಡಿದ ಹಾಗೆ ಸೆಟೆದುಕೊಳ್ಳುತ್ತವೆ. ನೋಡಿದವರು ಲಕ್ವ ಅಂದುಕೊಳ್ಳುತ್ತಾರೆ.

ರಿಪೋರ್ಟುಗಳೆಲ್ಲ ಚೆನ್ನಾಗಿದ್ದವು. ಹಾಗಾಗಿ ನನ್ನೆದುರೇ ಒಂದು ನಿಮಿಷ ಜೋರಾಗಿ ಉಸಿರಾಡಿ ಅಂದೆ. (ಮನೆಯಲ್ಲಿ ನೀವೇ ಮಾಡಿ ನೋಡಬೇಡಿ.) ಅರ್ಧಕ್ಕೇ ಕೈ ಎತ್ತಿದರು. “ಇದೇ! ಇದೇ ಮೇಡಂ ಬರೋದು!” ಸುಮ್ಮನೆ ಕೂತೆವು. ಸ್ವಲ್ಪ ಹೊತ್ತಿಗೆ ತಾನಾಗೇ ಹೋಯಿತು. ಅವರ ಮುಖ ನೋಡಬೇಕಿತ್ತು!

ಒಂದೆರಡು ಅಟ್ಯಾಕು ತುಂಬಾ ಜನಕ್ಕೆ ಬಂದು ಹೋಗುತ್ತದೆ. ಕಾರಣವಿಲ್ಲದೆ ಮತ್ತೆ ಮತ್ತೆ ಬಂದು, ‘ಇನ್ನೊಂದು ಯಾವಾಗಲೋ’ ಎಂಬ ಚಿಂತೆಯಲ್ಲೋ, ಆ ಭಯಕ್ಕೆ ಬಸ್ಸು, ಸಂತೆ, ಮದುವೆಮನೆ ಬಿಟ್ಟೋ ತಿಂಗಳು ಕಳೆದರೆ ಅದು ಪ್ಯಾನಿಕ್ ಡಿಸಾರ್ಡರ್. ಇವರು ಎರಡು ತಿಂಗಳು ಮಂಡಿಯ ಕಡೆ ತಲೆ ಹಾಕಿರಲಿಲ್ಲ.

ಎಸ್‌ಎಸ್‌ಆರ್‌ಐ ಗುಂಪಿನ (ಆತಂಕ ಇಳಿಸಲು ಕೊಡುವ) ಮಾತ್ರೆ ಕೆಲಸ ಶುರುಮಾಡಲು ಕೆಲವು ವಾರ ಬೇಕು. ನಾಲ್ಕೇ ದಿನಕ್ಕೆ ಬಿಡಬೇಡಿ. ಅಲ್ಪ್ರಜೋಲಾಮ್ ತಕ್ಷಣ ಹಾಯೆನಿಸುತ್ತದೆ, ಅದಕ್ಕೇ ಜಾಸ್ತಿ ಚಟವಾಗಿ ಅಂಟಿಕೊಳ್ಳುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತೆಗೆದುಕೊಳ್ಳುವ ಮಾತ್ರೆಯಲ್ಲ ಅದು. ಜೊತೆಗೆ ಸಿಬಿಟಿ, ಅಂದರೆ ಯೋಚನೆ, ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ, ಇದೆ. ಹೆದರಿದ ಜಾಗಕ್ಕೆ ಸ್ವಲ್ಪಸ್ವಲ್ಪವಾಗಿ ವಾಪಸು ಹೋಗುವುದು ಅದರದೇ ಭಾಗ. ಇವರು ಮೊದಲ ವಾರ ಎಪಿಎಂಸಿ ಗೇಟಿನಲ್ಲಿ ಟೀ ಕುಡಿದು ಬಂದರು, ಅಷ್ಟೇ.

ಆದರೆ ಎದೆನೋವು ಮೊದಲ ಸಲ ಬಂದಾಗ ಪ್ಯಾನಿಕ್ ಅಂತ ನೀವೇ ತೀರ್ಮಾನಿಸಬೇಡಿ, ಆಸ್ಪತ್ರೆಗೆ ಹೋಗಿ. ಯಾರನ್ನು ಕೇಳುವುದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಹೋದ ವಾರ ಇವರಿಗೆ ಮತ್ತೆ ಒಂದು ಬಂತಂತೆ, ಹರಾಜಿನ ಮಧ್ಯೆಯೇ. “ಎದ್ದು ಹೋಗಲಿಲ್ಲ ಮೇಡಂ, ಬಾಕ್ಸಿನ ಮೇಲೇ ಕೂತಿದ್ದೆ” ಅಂದರು.