ನಾಲ್ಕು ಮಾನಿಟರಿಗೆ ಎಂಥ ಗ್ರಾಫಿಕ್ಸ್ ಕಾರ್ಡ್ ಬೇಕು? ಟ್ರೇಡಿಂಗ್ ಕಂಪ್ಯೂಟರಿನ ಲೆಕ್ಕ

ತುಮಕೂರಿನಲ್ಲಿರುವ ನನ್ನ ಸೋದರಮಾವ ಷೇರು ವಹಿವಾಟಿಗೆಂದು ನಾಲ್ಕು ಮಾನಿಟರ್ ಜೋಡಿಸಲು ಹೊರಟಾಗ, ಅಂಗಡಿಯವರು ಮೊದಲು ಕೈಗಿಟ್ಟದ್ದು ಎರಡು ಫ್ಯಾನಿನ ದಪ್ಪ ಗೇಮಿಂಗ್ ಕಾರ್ಡ್. ‘ನಾಲ್ಕು ಪರದೆಗೆ ನಾಲ್ಕು ಪಟ್ಟು ಶಕ್ತಿ ಬೇಕಲ್ಲವೇನೋ?’ ಎಂದು ಮಾವ ನನ್ನನ್ನು ಕೇಳಿದರು. ಹಾರ್ಡ್‌ವೇರ್ ಕಲಿಯುತ್ತಿರುವ ನಾವೂ ಹೀಗೆಯೇ ಯೋಚಿಸುತ್ತೇವೆ. ಊಹೆಯ ಬದಲು ಲೆಕ್ಕ ಹಾಕಿ ನೋಡೋಣ.

ಒಂದು ಫುಲ್ ಎಚ್‌ಡಿ ಪರದೆಯಲ್ಲಿ 1920 × 1080, ಅಂದರೆ 20,73,600 ಪಿಕ್ಸೆಲ್‌ಗಳಿವೆ. ಪಿಕ್ಸೆಲ್ ಒಂದಕ್ಕೆ 4 ಬೈಟ್ ಎಂದರೆ ಇಡೀ ಪರದೆಯ ಚಿತ್ರಕ್ಕೆ ಸುಮಾರು 8.3 ಎಂಬಿ. ನಾಲ್ಕು ಪರದೆಗೆ 33 ಎಂಬಿ. ತೆರೆದ ಪ್ರತಿ ಕಿಟಕಿಗೂ ವಿಂಡೋಸ್ ಬೇರೆ ಚಿತ್ರವನ್ನು ಇಟ್ಟುಕೊಳ್ಳುವುದರಿಂದ ಇದು ಹಲವು ಪಟ್ಟು ಹೆಚ್ಚುತ್ತದೆ. ಆದರೂ 4 ಜಿಬಿ ಮೆಮೊರಿಯಿರುವ ಕಾರ್ಡಿಗೆ ಅದು ಭಾರವಲ್ಲ. ಆಟದಲ್ಲಿ ಪ್ರತಿ ಫ್ರೇಮಿಗೂ, ಅಂದರೆ ಪರದೆಗೆ ಹೋಗುವ ಪ್ರತಿ ಚಿತ್ರಕ್ಕೂ, ಬೆಳಕು, ನೆರಳು, ಆಳ ಎಲ್ಲವನ್ನೂ ಹೊಸದಾಗಿ ಲೆಕ್ಕಹಾಕಬೇಕು. ಬೆಲೆಯ ಏರಿಳಿತವನ್ನು ಮೇಣದಬತ್ತಿಯಂಥ ಆಕೃತಿಗಳಲ್ಲಿ ತೋರಿಸುವ ಕ್ಯಾಂಡಲ್ ಚಾರ್ಟಿನಲ್ಲಿ ಇರುವುದು ಗೆರೆ, ಆಯತ, ಅಕ್ಷರ ಅಷ್ಟೇ. ಬೆಲೆ ಅಲುಗಿದಾಗ ಬದಲಾಗುವುದು ಹೆಚ್ಚಾಗಿ ಕೊನೆಯ ಕ್ಯಾಂಡಲ್ ಮತ್ತು ಪಕ್ಕದ ಅಂಕಿ.

ಹಾಗಾದರೆ ಬೆಳಿಗ್ಗೆ 9:15ಕ್ಕೆ ಮಾರುಕಟ್ಟೆ ತೆರೆದ ಕೂಡಲೇ ಚಾರ್ಟುಗಳು ತಡವರಿಸುವುದೇಕೆ? ಮಾವನ ಕಂಪ್ಯೂಟರಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದೆ. 8 ಜಿಬಿ ರ‍್ಯಾಮ್ ಬಹುತೇಕ ತುಂಬಿತ್ತು, ಪ್ರೊಸೆಸರ್ ಏದುಸಿರು ಬಿಡುತ್ತಿತ್ತು, ಗ್ರಾಫಿಕ್ಸ್ ಕಾಲಂ ಮಾತ್ರ ತಣ್ಣಗಿತ್ತು. ಸರಾಸರಿ ಗೆರೆಗಳನ್ನೂ ಇತರ ಸೂಚಕಗಳನ್ನೂ ಲೆಕ್ಕ ಹಾಕುವುದು ಸಾಮಾನ್ಯವಾಗಿ ಪ್ರೊಸೆಸರ್. ರ‍್ಯಾಮನ್ನು ನುಂಗುವುದು ಬ್ರೌಸರಿನ ಟ್ಯಾಬುಗಳು. ಕಾರ್ಡ್ ಕೊಳ್ಳುವ ಮೊದಲು ಈ ಮೂರು ಕಾಲಂಗಳನ್ನು ವಹಿವಾಟಿನ ಹೊತ್ತಿನಲ್ಲೇ ನೋಡಿ. ಸಾವಿರಾರು ರೂಪಾಯಿ ಉಳಿಸುವ ಪರೀಕ್ಷೆ ಇದು.

ಕಾರ್ಡಿಗೆ ಕೇಳಬೇಕಾದ ನಿಜವಾದ ಪ್ರಶ್ನೆ ‘ನೀನು ಎಷ್ಟು ಪರದೆಗಳನ್ನು ಒಟ್ಟಿಗೆ ನಡೆಸಬಲ್ಲೆ?’ ಎಂಬುದು. ಪೋರ್ಟುಗಳ, ಅಂದರೆ ಕೇಬಲ್ ಚುಚ್ಚುವ ತೂತುಗಳ, ಎಣಿಕೆಯೂ ಪರದೆಗಳ ಎಣಿಕೆಯೂ ಒಂದೇ ಅಲ್ಲ. ಇಂಟೆಲ್ ಯುಎಚ್‌ಡಿ 630 ಎಂಬ, ಪ್ರೊಸೆಸರಿನಲ್ಲೇ ಸೇರಿರುವ ಒಳಗಿನ ಗ್ರಾಫಿಕ್ಸ್ ಮೂರು ಪರದೆಗಳನ್ನು ನಡೆಸುತ್ತದೆ, ಯುಎಚ್‌ಡಿ 770 ನಾಲ್ಕನ್ನು. ಆದರೆ ಅನೇಕ ಮದರ್‌ಬೋರ್ಡುಗಳಲ್ಲಿ ಒಂದು ಎಚ್‌ಡಿಎಂಐ, ಒಂದು ಡಿಸ್ಪ್ಲೇಪೋರ್ಟ್ ಬಿಟ್ಟರೆ ಬೇರೆ ತೂತಿಲ್ಲ. ಇನ್ನೊಂದು ಕಡೆ, ನಾಲ್ಕು ಪರದೆಯ ಮಿತಿಯಿರುವ ಕಾರ್ಡಿನಲ್ಲಿ ಐದು ಪೋರ್ಟ್ ಇದ್ದರೂ ಐದನೆಯ ಮಾನಿಟರ್ ಕಪ್ಪಾಗಿಯೇ ಇರುತ್ತದೆ. ಅಗ್ಗದ ಎಚ್‌ಡಿಎಂಐ ಸ್ಪ್ಲಿಟರನ್ನು ನಂಬಬೇಡಿ. ಅದು ಒಂದೇ ಚಿತ್ರವನ್ನು ಎರಡು ಕಡೆ ತೋರಿಸುತ್ತದೆಯೇ ಹೊರತು ಹೊಸ ಜಾಗ ಕೊಡುವುದಿಲ್ಲ.

ಈ ಕೆಲಸಕ್ಕೆಂದೇ ಹೊಂದುವ ಸಣ್ಣ ವರ್ಕ್‌ಸ್ಟೇಷನ್ ಕಾರ್ಡುಗಳಿವೆ. ಎನ್‌ವಿಡಿಯಾ ಟಿ400ರಲ್ಲಿ ಮೂರು ಮಿನಿ ಡಿಸ್ಪ್ಲೇಪೋರ್ಟ್, ವಿದ್ಯುತ್ 30 ವ್ಯಾಟ್. ಟಿ600ರಲ್ಲಿ ನಾಲ್ಕು ಪೋರ್ಟ್, 40 ವ್ಯಾಟ್. ಟಿ1000ರಲ್ಲೂ ನಾಲ್ಕು, 50 ವ್ಯಾಟ್. ಹಿಂದೆ ಬಂದ ಎನ್‌ವಿಎಸ್ 810 ಒಂದೇ ಕಾರ್ಡಿನಿಂದ ಎಂಟು ಪರದೆಗಳನ್ನು ನಡೆಸುತ್ತಿತ್ತು. ಕಾರ್ಡ್ ಕೂರುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ 75 ವ್ಯಾಟ್ ವರೆಗೆ ಕೊಡಬಲ್ಲದ್ದರಿಂದ ಇವಕ್ಕೆ ಎಸ್‌ಎಂಪಿಎಸ್‌ನಿಂದ (ಕಂಪ್ಯೂಟರಿಗೆ ವಿದ್ಯುತ್ ಹಂಚುವ ಪೆಟ್ಟಿಗೆ) ಬೇರೆ ಕೇಬಲ್ ಎಳೆಯಬೇಕಿಲ್ಲ. ಮಾವನದು ಕಚೇರಿಗಳಲ್ಲಿ ಕಾಣುವಂಥ ತೆಳು ಕ್ಯಾಬಿನೆಟ್. ಅಂಗಡಿಯ ಗೇಮಿಂಗ್ ಕಾರ್ಡ್ ಅದರೊಳಗೆ ಇಳಿಯುವಂತೆಯೇ ಇರಲಿಲ್ಲ. ಟಿ600ರ ಉದ್ದನೆಯ ಲೋಹದ ಪಟ್ಟಿಯನ್ನು ಬಿಚ್ಚಿ ಗಿಡ್ಡ ಪಟ್ಟಿ ಹಾಕಿದೆವು, ಹೇಳಿ ಮಾಡಿಸಿದಂತೆ ಕೂತಿತು.

ಇನ್ನು ಕೇಬಲ್. ಫುಲ್ ಎಚ್‌ಡಿ ಚಿತ್ರವನ್ನು ಸೆಕೆಂಡಿಗೆ 60 ಬಾರಿ, ಪಿಕ್ಸೆಲ್‌ಗೆ 24 ಬಿಟ್‌ನಂತೆ ಕಳಿಸಲು ಸುಮಾರು 3 ಗಿಗಾಬಿಟ್ ಬೇಕು. 4ಕೆ ಆದರೆ ಪಿಕ್ಸೆಲ್ ನಾಲ್ಕು ಪಟ್ಟು, ಆದ್ದರಿಂದ ಸುಮಾರು 12 ಗಿಗಾಬಿಟ್. ಹಳೆಯ ಎಚ್‌ಡಿಎಂಐ 1.4ರ ಒಟ್ಟು ಸಾಮರ್ಥ್ಯವೇ 10.2 ಗಿಗಾಬಿಟ್. ಹಾಗಾಗಿ ಅಲ್ಲಿ 4ಕೆ ಪರದೆ 30 ಹರ್ಟ್ಜ್‌ಗೆ, ಅಂದರೆ ಸೆಕೆಂಡಿಗೆ 30 ಚಿತ್ರಕ್ಕೆ ಇಳಿಯುತ್ತದೆ. ಮೌಸಿನ ಬಾಣ ಕೈಯ ಹಿಂದೆ ಎಳೆದುಕೊಂಡು ಬರುವಂತೆ ಕಾಣುತ್ತದೆ. ಆರ್ಡರ್ ಹಾಕುವ ಗುಂಡಿಯ ಮೇಲೆ ಇದು ಸಣ್ಣ ತೊಂದರೆಯಲ್ಲ. ಡಿಸ್ಪ್ಲೇಪೋರ್ಟ್ 1.2ರಲ್ಲಿ ಬಳಕೆಗೆ ಸಿಗುವುದು 17.28 ಗಿಗಾಬಿಟ್, 1.4ರಲ್ಲಿ 25.92. ಎರಡರಲ್ಲೂ 4ಕೆ 60 ಹರ್ಟ್ಜ್ ಸಲೀಸಾಗಿ ಹರಿಯುತ್ತದೆ.

ಅಡಾಪ್ಟರಿನ ವಿಷಯದಲ್ಲಿ ನಾನೇ ಒಂದು ಇಡೀ ಭಾನುವಾರ ಕಳೆದುಕೊಂಡಿದ್ದೇನೆ. ಕಾರ್ಡಿನ ಡಿಸ್ಪ್ಲೇಪೋರ್ಟಿನಿಂದ ಮಾನಿಟರಿನ ಎಚ್‌ಡಿಎಂಐಗೆ ಸಾದಾ ಅಡಾಪ್ಟರ್ ಸಾಮಾನ್ಯವಾಗಿ ನಡೆಯುತ್ತದೆ. ಅದನ್ನೇ ತಿರುಗಿಸಿ, ಕಾರ್ಡಿನ ಎಚ್‌ಡಿಎಂಐಯಿಂದ ಮಾನಿಟರಿನ ಡಿಸ್ಪ್ಲೇಪೋರ್ಟಿಗೆ ಹಾಕಿದರೆ ‘ಸಿಗ್ನಲ್ ಇಲ್ಲ’ ಎಂಬ ಬರಹ ಬಿಟ್ಟು ಬೇರೇನೂ ಕಾಣುವುದಿಲ್ಲ. ಆ ದಿಕ್ಕಿಗೆ ಒಳಗೆ ಚಿಪ್ ಇರುವ ಪರಿವರ್ತಕವೇ ಬೇಕು. ಬಾಣದ ಗುರುತು ನೋಡಿ ಕೊಳ್ಳಿ.

ಯುಎಸ್‌ಬಿಯಿಂದ ಮಾನಿಟರ್ ನಡೆಸುವ ಡಿಸ್ಪ್ಲೇಲಿಂಕ್ ಅಡಾಪ್ಟರುಗಳೂ ಇವೆ. ಅವು ಚಿತ್ರವನ್ನು ಕುಗ್ಗಿಸಿ ಕಳಿಸುವ ಕೆಲಸಕ್ಕೆ ಪ್ರೊಸೆಸರನ್ನು ಬಳಸುತ್ತವೆ. ಮೊದಲೇ ಬಳಲಿದ ಪ್ರೊಸೆಸರಿಗೆ ಆ ಹೊರೆ ಬೇಡ ಎಂಬುದು ನನ್ನ ಅಭಿಪ್ರಾಯ. ಸುದ್ದಿ ಓದುವ ಪರದೆಗೆ ಅಡ್ಡಿಯಿಲ್ಲ.

ಮದರ್‌ಬೋರ್ಡಿನ ಪೋರ್ಟುಗಳನ್ನೂ ಕಾರ್ಡಿನ ಪೋರ್ಟುಗಳನ್ನೂ ಒಟ್ಟಿಗೆ ಬಳಸುವ ಇರಾದೆಯಿದ್ದರೆ ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್) ಒಳಗಿನ ಗ್ರಾಫಿಕ್ಸ್ ಚಾಲೂ ಇದೆಯೇ ನೋಡಿ. ಕಾರ್ಡ್ ಹಾಕಿದ ಕೂಡಲೇ ಒಳಗಿನ ಗ್ರಾಫಿಕ್ಸನ್ನು ತಾವಾಗಿ ನಿಲ್ಲಿಸುವ ಬೋರ್ಡುಗಳು ಬಹಳ.

ಮಿನಿ ಡಿಸ್ಪ್ಲೇಪೋರ್ಟಿನ ಒಂದು ಕೊರತೆಯನ್ನು ಕೈಯಾರೆ ಕಂಡೆ. ದೊಡ್ಡ ಡಿಸ್ಪ್ಲೇಪೋರ್ಟಿನ ಕೇಬಲಿನಲ್ಲಿ ಸಾಮಾನ್ಯವಾಗಿ ಕೊಕ್ಕೆ ಇರುತ್ತದೆ, ಗುಂಡಿ ಒತ್ತದೆ ಬಿಡುವುದಿಲ್ಲ. ಮಿನಿಯಲ್ಲಿ ಕೊಕ್ಕೆ ಇಲ್ಲ. ಮಾವ ಕುರ್ಚಿ ಸರಿಸುವಾಗ ಕಾಲು ತಗುಲಿ ಮೂರನೆಯ ಪರದೆ ಆರಿತು. ಅದರಲ್ಲಿದ್ದ ಕಿಟಕಿಗಳೆಲ್ಲ ಬೇರೆ ಪರದೆಗಳ ಮೇಲೆ ರಾಶಿ ಬಿದ್ದವು. ಅಂದೇ ಸಂಜೆ ನಾಲ್ಕೂ ಕೇಬಲನ್ನು ಮೇಜಿನ ಕಾಲಿಗೆ ಪಟ್ಟಿ ಸುತ್ತಿ ಬಿಗಿದೆವು, ತುದಿಗಳಿಗೆ 1ರಿಂದ 4ರವರೆಗೆ ಚೀಟಿ ಅಂಟಿಸಿದೆವು. ಉಳಿದ ಹಣದಲ್ಲಿ ರ‍್ಯಾಮ್ 32 ಜಿಬಿ ಆಯಿತು, ಒಂದು ಯುಪಿಎಸ್ ಬಂತು. ಕೊನೆಗೆ ಡಿಸ್ಪ್ಲೇ ಸೆಟ್ಟಿಂಗಿನಲ್ಲಿ ಚೌಕಗಳನ್ನು ಮೇಜಿನ ಮೇಲಿನ ಮಾನಿಟರುಗಳ ಸಾಲಿನಂತೆಯೇ ಎಳೆದು ಕೂರಿಸಿದೆ. ಮಾವ ಬಾಣವನ್ನು ಎಡತುದಿಯಿಂದ ಬಲತುದಿಯವರೆಗೆ ಮೂರು ಸಲ ಓಡಿಸಿ ನೋಡಿದರು. ಎಲ್ಲೂ ತಡೆಯಲಿಲ್ಲ.