ಕೂಲರ್ ಎಲ್ಲಿ ಇಡುತ್ತೀರಿ, ಮೊದಲು ಅದನ್ನು ಹೇಳಿ

ಕಿಟಕಿ ಗ್ರಿಲ್ ಮಾಡಿಸಲು ನಮ್ಮ ಶೆಡ್‌ಗೆ ಬಂದವರು ಡಿಸೈನ್ ಕೇಳುತ್ತಾರೆ, ಬಣ್ಣ ಕೇಳುತ್ತಾರೆ, ಕೆಜಿಗೆ ಎಷ್ಟು ಅಂತ ಕೇಳುತ್ತಾರೆ. ಕಿಟಕಿಗೆ ಕೂಲರ್ ಇಡುವ ಮಾತು ಯಾರೂ ಎತ್ತುವುದಿಲ್ಲ. ಮಾರ್ಚ್‌ನಲ್ಲಿ ಕಲಬುರಗಿ ಬಿಸಿಲು ಶುರುವಾಗುತ್ತದೆ, ಫೋನೂ ಶುರು. "ಅಣ್ಣಾ, ಕಟರ್ ತಗೊಂಡ್ ಬರ್ರಿ, ಕೂಲರ್ ಕೂಡಬೇಕು, ಜರಾ ಗ್ರಿಲ್ ಕೊಯ್ದು ಕೊಡ್ರಿ."

ಹೋದ ಬೇಸಿಗೆಯಲ್ಲಿ ಬ್ರಹ್ಮಪುರದ ಒಬ್ಬ ರಿಟೈರ್ಡ್ ಮಾಸ್ತರ ಮನೆಗೆ ಹೋಗಿದ್ದೆ. ಅಲ್ಲಿನ ನವಿಲಿನ ಗ್ರಿಲ್ ನಾನೇ ಮಾಡಿಕೊಟ್ಟಿದ್ದು. ಬೇರೆ ಯಾರನ್ನೋ ಕರೆಸಿ ನವಿಲಿನ ಗರಿಯನ್ನೆಲ್ಲ ಎರಡಡಿ ಚೌಕ ಕೊಯ್ಯಿಸಿದ್ದರು. ಕತ್ತು, ಕೊಕ್ಕು ಮಾತ್ರ ಉಳಿದಿತ್ತು. ಕೊಯ್ದ ತುದಿಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಕೂಡ ಬಳಿದಿರಲಿಲ್ಲ, ಕೂಲರ್ ನೀರು ತೊಟ್ಟಿಕ್ಕಿ ತುಕ್ಕು ಹಿಡಿದು ಕೆಳಗಿನ ಫರಸಿ ಮೇಲೆ ಕೆಂಪು ಗೆರೆ ಇಳಿದಿತ್ತು. ನನಗೆ ಸಂಕಟವಾಯಿತು. ಮಾಸ್ತರ ಮನೆಯವರು ಚಹಾ ಕೊಡುತ್ತ, "ತಮ್ಮಾ, ಕೂಲರ್ ಅಡ್ಡ ಇರ್ತದಲ್ಲ, ಕಳ್ಳ ಹ್ಯಾಂಗ ಬರ್ತಾನ?" ಅಂದರು.

ಎಲ್ಲರೂ ಹೀಗೇ ಅಂದುಕೊಂಡಿದ್ದಾರೆ. ಕೂಲರ್ ಗೋಡೆ ಅಲ್ಲ. ಅದು ಸ್ಟ್ಯಾಂಡ್ ಮೇಲೆ ಸುಮ್ನೆ ಕೂತಿರುತ್ತದೆ, ಇಬ್ಬರು ಹಿಡಿದು ಸರಿಸಿದರೆ ಎರಡಡಿ ದಾರಿ ಸಿಕ್ಕಿತು. 10 ಎಂಎಂ ಬೇಡ, 12 ಎಂಎಂ ಸರಳೇ ಹಾಕಿ ಅಂತ ಹಟ ಹಿಡಿದು, ಅಷ್ಟೇ ಉದ್ದಕ್ಕೆ 44% ಜಾಸ್ತಿ ತೂಕದ ಕಬ್ಬಿಣಕ್ಕೆ ದುಡ್ಡು ಕೊಟ್ಟವರೇ ನಡುವೆ ಇಷ್ಟು ದೊಡ್ಡ ತೂತು ಮಾಡಿಸುತ್ತಾರೆ. ಸರಳುಗಳ ನಡುವೆ ನಾಲ್ಕು ಇಂಚಿಗಿಂತ ಜಾಸ್ತಿ ಬಿಡಬೇಡಿ ಅಂತ ನಾವು ಹೇಳುವುದು ಯಾಕೆ ಹೇಳಿ? ತಲೆ ತೂರಿದ ಕಡೆ ಮೈಯೂ ತೂರುತ್ತದೆ ಅಂತ ಅಲ್ವಾ? ರಾತ್ರಿ ಕೂಲರ್ ಸದ್ದಿನಲ್ಲಿ ಹೊರಗಿನ ಸಪ್ಪಳ ಕೇಳುವುದೂ ಇಲ್ಲ. ಮಳೆಗಾಲಕ್ಕೆ ಕೂಲರ್ ಮಾಳಿಗೆ ಸೇರುತ್ತದೆ, ಆ ತೂತಿಗೆ ಒಂದು ಪ್ಲೈವುಡ್ ಹಲಗೆ, ಎರಡು ಮೊಳೆ. ಒಂದು ಒದೆಗೆ ಬಿಚ್ಚಿಕೊಳ್ಳುತ್ತದೆ.

ಕೂಲರ್ ಬೇಕು ಅಂತ ಮೊದಲೇ ಹೇಳಿದರೆ ಹೊರಗೆ ಅದರ ಅಳತೆಗೆ ಪಂಜರ ಮಾಡುತ್ತೇವೆ. ನೀರು ಹಾಕಲು, ಕೂಲರ್ ಬದಿಯ ಖಸ್ ಹುಲ್ಲು ಬದಲಿಸಲು ಪಕ್ಕದಲ್ಲಿ ಬೀಗದ ಸಣ್ಣ ಬಾಗಿಲು. 60 ಲೀಟರ್ ನೀರು ಅಂದರೆ 60 ಕೆಜಿ, ಮೇಲೆ ಕೂಲರ್ ತೂಕ ಬೇರೆ, ಅದನ್ನು ಗ್ರಿಲ್‌ಗೆ ನೇತು ಹಾಕಬಾರದು. ಸ್ಟ್ಯಾಂಡ್ ಬೇರೆಯೇ ಬೇಕು. ನಮ್ಮ ಕಡೆಯ ಗೋಡೆಗಳ ಶಹಾಬಾದ್ ಕಲ್ಲು ಪದರ ಪದರ, ಅಂಚಿನಲ್ಲಿ ಡ್ರಿಲ್ ಹಾಕಿದರೆ ಚಕ್ಕೆ ಏಳುತ್ತದೆ. ಅದಕ್ಕೇ ಗೋಡೆ ನೋಡದೆ ನಾನು ಮಾತು ಕೊಡುವುದಿಲ್ಲ.

ಇನ್ನೊಂದು ಮಾತು, ಇದು ನನ್ನ ಕೆಲಸ ಅಲ್ಲದಿದ್ದರೂ ಹೇಳುತ್ತೇನೆ. ತಗಡಿನ ಕೂಲರ್, ಕಬ್ಬಿಣದ ಗ್ರಿಲ್, ನೀರು, ಮೂರೂ ಒಂದೇ ಕಡೆ. ಕೂಲರ್‌ನಲ್ಲಿ ಕರೆಂಟ್ ಸೋರಿದರೆ ಗ್ರಿಲ್ ಮುಟ್ಟಿದ ಮಗುವಿಗೂ ಹೊಡೆಯುತ್ತದೆ. ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಅರ್ಥಿಂಗ್ ನೋಡಿಸಿ, ಆಮೇಲೆ ಸ್ವಿಚ್ ಹಾಕಿ.

ಮಾಸ್ತರ ಮನೆಯವರು ಕೊಯ್ದ ಗರಿಯ ತುಂಡನ್ನು ಮಾಳಿಗೆಯಲ್ಲಿ ಜೋಪಾನ ಮಾಡಿ ಇಟ್ಟಿದ್ದರು. ಅದರ ಸುತ್ತ ಪಟ್ಟಿ ಕೊಟ್ಟು, ಕಬ್ಜೆ ಹಚ್ಚಿ, ಅದೇ ಜಾಗಕ್ಕೆ ಬಾಗಿಲು ಮಾಡಿದೆ. ಹೊರಗೆ ಪಂಜರವೂ ಆಯಿತು. ಬೇಸಿಗೆಯಲ್ಲಿ ಗರಿ ತೆರೆದು ಗಾಳಿ ಬಿಡುತ್ತಾರೆ, ಮಳೆಗಾಲದಲ್ಲಿ ಕೂಲರ್ ತೆಗೆದು ಗರಿ ಮುಚ್ಚಿ ಒಳಗಿನಿಂದ ಬೀಗ. ಬೆಂಕಿ ಬಿದ್ದರೆ ಹೊರಗೆ ಬರಲು ಮನೆಯಲ್ಲಿ ತೆರೆಯುವ ಒಂದು ಗ್ರಿಲ್ ಬೇಕೇ ಬೇಕು ಅಂತ, ಪಕ್ಕದ ಕೋಣೆಯ ಕಿಟಕಿಗೂ ಅಂಥದ್ದೇ ಬಾಗಿಲು ಇಟ್ಟೆವು. ಕೀಲಿ ಕ್ಯಾಲೆಂಡರ್ ಹಿಂದಿನ ಮೊಳೆಗೆ ನೇತಾಡುತ್ತದೆ. ಕಿಟಕಿಯಿಂದ ಕೈ ಹಾಕಿದರೆ ಸಿಗುವುದಿಲ್ಲ, ಮೊಮ್ಮಗಳಿಗೂ ಗೊತ್ತು ಎಲ್ಲಿದೆ ಅಂತ.