ಬಿಡಿಯಾಗಿ ಚೆಂದ, ಕೂಡಿಸಿದರೆ ಒಡಕು: ಆಡಾಸಿಟಿಯಲ್ಲಿ ಸ್ಟೀರಿಯೊ ಮಿಕ್ಸ್ ಮಾಡುವುದು ಹೇಗೆ?

ಓದುಗರ ಪ್ರಶ್ನೆ: ಮನೆಯಲ್ಲೇ ಒಂದು ಭಾವಗೀತೆ ರೆಕಾರ್ಡ್ ಮಾಡಿದ್ದೇವೆ. ಗಾಯನ, ಹಾರ್ಮೋನಿಯಂ, ತಬಲಾ, ತಂಬೂರಿ ಎಲ್ಲ ಆಡಾಸಿಟಿ ಎಂಬ ಆಡಿಯೊ ತಂತ್ರಾಂಶದಲ್ಲಿ ಬೇರೆ ಬೇರೆ ಟ್ರ್ಯಾಕ್‌ನಲ್ಲಿವೆ. ಒಂದೊಂದನ್ನೇ ಕೇಳಿದರೆ ಚೆನ್ನಾಗಿದೆ. ‘ಮಿಕ್ಸ್ ಅಂಡ್ ರೆಂಡರ್’ ಕೊಟ್ಟರೆ ಮಾತ್ರ ಒಂದೇ ಮೋನೊ ಟ್ರ್ಯಾಕ್ ಬರುತ್ತದೆ. ಅದೂ ಅಲ್ಲಲ್ಲಿ ಒಡೆದು ಕೇಳುತ್ತದೆ, ಹಾಡಿನ ಸಾಹಿತ್ಯ ಹಾರ್ಮೋನಿಯಂ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಸರಿಯಾದ ಸ್ಟೀರಿಯೊ ಫೈಲ್ ಮಾಡುವುದು ಹೇಗೆ?

ಉತ್ತರ: ನಿಮ್ಮ ರೆಕಾರ್ಡಿಂಗ್ ಕೆಟ್ಟಿಲ್ಲ, ಧೈರ್ಯವಾಗಿರಿ. ‘ಮಿಕ್ಸ್ ಅಂಡ್ ರೆಂಡರ್’ ಅನ್ನುವುದು ಹೆಸರಿಗೆ ಮಿಕ್ಸ್. ಅದು ನಿಜವಾಗಿ ಮಾಡುವುದು ಕೂಡುವ ಲೆಕ್ಕ ಮಾತ್ರ. ಸೆಕೆಂಡಿಗೆ 44,100 ಸಲ ನಾಲ್ಕೂ ಟ್ರ್ಯಾಕ್‌ಗಳಲ್ಲಿರುವ ಅಂಕಿಗಳನ್ನು ಒಂದಕ್ಕೊಂದು ಕೂಡಿಸಿ ಹೊಸ ಟ್ರ್ಯಾಕ್‌ನಲ್ಲಿ ಬರೆಯುತ್ತದೆ. ಯಾರು ಮುಂದಿರಬೇಕು, ಯಾರು ಹಿಂದೆ, ಯಾರು ಎಡಕ್ಕೆ, ಯಾರು ಬಲಕ್ಕೆ ಎಂಬುದನ್ನೆಲ್ಲ ಆ ಗುಂಡಿ ಒತ್ತುವ ಮೊದಲೇ ನೀವು ತೀರ್ಮಾನಿಸಿರಬೇಕು. ಆ ತೀರ್ಮಾನವೇ ಮಿಕ್ಸಿಂಗ್. ಬೇರೆ ತಂತ್ರಾಂಶಗಳಲ್ಲಿ ಈ ಕೊನೆಯ ಗುಂಡಿಗೆ ಬೌನ್ಸ್, ರೆಂಡರ್, ಮಿಕ್ಸ್‌ಡೌನ್ ಎಂದೆಲ್ಲ ಹೆಸರಿದೆ, ಕೆಲಸ ಒಂದೇ.

ಮೊದಲು ಮೋನೊ ಯಾಕೆ ಬಂತು ನೋಡೋಣ. ನಿಮ್ಮ ಟ್ರ್ಯಾಕ್‌ಗಳೆಲ್ಲ ಮೋನೊ, ಎಲ್ಲದರ ಪ್ಯಾನ್ ಸ್ಲೈಡರ್ (ಸದ್ದನ್ನು ಎಡಕ್ಕೋ ಬಲಕ್ಕೋ ಸರಿಸುವ ಪಟ್ಟಿ) ನಡುವೆಯೇ ಇದೆ. ಹಾಗಿದ್ದಾಗ ಎಡ, ಬಲ ಎರಡರಲ್ಲೂ ಒಂದೇ ಸದ್ದು. ಎರಡು ಚಾನೆಲ್ ಬರೆದು ಪ್ರಯೋಜನವಿಲ್ಲ ಎಂದು ಆಡಾಸಿಟಿ ಒಂದೇ ಮೋನೊ ಟ್ರ್ಯಾಕ್ ಕೊಡುತ್ತದೆ. ಒಂದೇ ಒಂದು ಟ್ರ್ಯಾಕನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ನೋಡಿ, ಫಲಿತಾಂಶ ತಾನಾಗಿ ಸ್ಟೀರಿಯೊ ಆಗುತ್ತದೆ. ಎಕ್ಸ್‌ಪೋರ್ಟ್ ಮಾಡುವಾಗ ಸ್ಟೀರಿಯೊ ಎಂದು ಆರಿಸಿದರೆ ಎರಡು ಚಾನೆಲ್‌ನ ಫೈಲ್ ಸಿಗುವುದೇನೋ ನಿಜ. ಆದರೆ ಪ್ಯಾನ್ ಮಾಡದೆ ಇದ್ದರೆ ಅದರೊಳಗೆ ಇರುವುದು ಎರಡು ಸಲ ಬರೆದ ಮೋನೊ.

ಇದಕ್ಕೆ ತಿರುಗುಮುರುಗಾದ ತೊಂದರೆಯೂ ಅನೇಕರಿಗೆ ಬರುತ್ತದೆ. ಎರಡು ಇನ್‌ಪುಟ್‌ನ ಆಡಿಯೊ ಇಂಟರ್‌ಫೇಸ್‌ಗೆ ಒಂದೇ ಮೈಕ್ ಸಿಕ್ಕಿಸಿ ಸ್ಟೀರಿಯೊ ಟ್ರ್ಯಾಕ್‌ನಲ್ಲಿ ರೆಕಾರ್ಡ್ ಮಾಡಿದರೆ ಗಾಯನ ಎಡಗಿವಿಯಲ್ಲಿ ಮಾತ್ರ ಕೇಳುತ್ತದೆ. ಆಗ ಟ್ರ್ಯಾಕ್‌ನ ಹೆಸರಿನ ಪಕ್ಕದ ಮೆನುವಿನಲ್ಲಿ ‘ಸ್ಪ್ಲಿಟ್ ಸ್ಟೀರಿಯೊ ಟು ಮೋನೊ’ ಕೊಟ್ಟು, ಖಾಲಿ ಇರುವ ಅರ್ಧವನ್ನು ಅಳಿಸಿಬಿಡಿ.

ಈಗ ಒಡಕಿನ ವಿಷಯ. ಡಿಜಿಟಲ್ ಫೈಲ್‌ನಲ್ಲಿ ಮೇಲಿನ ಮಿತಿ 0 ಡೆಸಿಬೆಲ್. ನಿಮ್ಮ ಒಂದೊಂದು ಟ್ರ್ಯಾಕ್‌ನ ಶಿಖರ, ಅಂದರೆ ಅತಿ ಜೋರಾದ ಕ್ಷಣ, ಮೈನಸ್ 3 ಡೆಸಿಬೆಲ್‌ನಲ್ಲಿದೆ ಎಂದಿಟ್ಟುಕೊಳ್ಳಿ. ಬಿಡಿಯಾಗಿ ಅದು ಸುರಕ್ಷಿತ. ಆದರೆ ಅಂಥ ಎರಡು ಶಿಖರಗಳು ಒಂದೇ ಕ್ಷಣದಲ್ಲಿ, ಒಂದೇ ದಿಕ್ಕಿನಲ್ಲಿ ಕೂಡಿದರೆ ಮೊತ್ತ 6 ಡೆಸಿಬೆಲ್ ಏರಿ ಪ್ಲಸ್ 3 ತಲುಪುತ್ತದೆ. ನಾಲ್ಕೂ ಕೂಡಿದರೆ ಪ್ಲಸ್ 9. ನಾಲ್ಕು ಬೇರೆ ಬೇರೆ ವಾದ್ಯಗಳ ಶಿಖರಗಳು ಅಷ್ಟು ಕರಾರುವಾಕ್ಕಾಗಿ ಕೂಡುವುದು ಅಪರೂಪ. ಅವುಗಳ ಸರಾಸರಿ ಮಟ್ಟ ಏರುವುದು ಸುಮಾರು 6 ಡೆಸಿಬೆಲ್. ಅಷ್ಟಾದರೂ ಮಿತಿ ದಾಟಿತು. ನಮ್ಮ ಸಂಗೀತದಲ್ಲಂತೂ ಎಲ್ಲರೂ ಒಟ್ಟಿಗೆ ಬಂದು ಇಳಿಯುವ ಜಾಗವೇ ಒಂದಿದೆಯಲ್ಲ, ಸಮ! ಪಲ್ಲವಿಗೆ ಮರಳುವಾಗ ಗಾಯಕರು ಸಮದ ಮೇಲೆ ಒತ್ತು ಕೊಡುತ್ತಾರೆ, ತಬಲಾದವರು ಅಲ್ಲೇ ‘ಧಾ’ ಬಾರಿಸುತ್ತಾರೆ, ಹಾರ್ಮೋನಿಯಂ ಅಲ್ಲೇ ತುಂಬಿ ನಿಲ್ಲುತ್ತದೆ. ನಿಮ್ಮ ಫೈಲ್ ‘ಅಲ್ಲಲ್ಲಿ’ ಒಡೆಯುತ್ತದೆ ಎಂದಿದ್ದೀರಿ. ಒಡೆದ ಜಾಗಗಳನ್ನು ತಾಳ ಹಾಕಿಕೊಂಡು ಕೇಳಿ ನೋಡಿ. ಬಹುಪಾಲು ಸಮದಲ್ಲೇ ಸಿಗುತ್ತವೆ.

ಸಮಾಧಾನದ ಸಂಗತಿ ಎಂದರೆ, ಆಡಾಸಿಟಿ ಒಳಗಡೆ 32 ಬಿಟ್ ಫ್ಲೋಟ್ ಲೆಕ್ಕದಲ್ಲಿ ಕೆಲಸ ಮಾಡುತ್ತದೆ. ಪ್ರಾಜೆಕ್ಟ್ ಒಳಗೆ ಮೊತ್ತ 0 ದಾಟಿದರೂ ಅಂಕಿಗಳು ಹಾಗೇ ಉಳಿದಿರುತ್ತವೆ, ಮಟ್ಟ ತಗ್ಗಿಸಿದರೆ ಅಲೆಯ ಆಕಾರ ಪೂರ್ತಿ ವಾಪಸ್ ಸಿಗುತ್ತದೆ. ಅದನ್ನೇ 16 ಬಿಟ್ ಫೈಲ್ ಆಗಿ ಎಕ್ಸ್‌ಪೋರ್ಟ್ ಮಾಡಿದಿರೋ, ಮಿತಿಗಿಂತ ಮೇಲಿನದೆಲ್ಲ ಚಪ್ಪಟೆಯಾಗಿ ಕತ್ತರಿಸಿಹೋಗುತ್ತದೆ, ಆಮೇಲೆ ಏನು ಮಾಡಿದರೂ ಬರುವುದಿಲ್ಲ. ಹಾಡುವಾಗಲೇ ಮೈಕ್‌ನಲ್ಲಿ ಸದ್ದು ಒಡೆದಿದ್ದರೆ ಅದೂ ಹಾಗೆಯೇ, ಮತ್ತೆ ಹಾಡಿಸುವುದೊಂದೇ ದಾರಿ.

ಹಾಗಾಗಿ ಮಾಡಬೇಕಾದ ಮೊದಲ ಕೆಲಸ: ಎಲ್ಲ ಟ್ರ್ಯಾಕ್‌ಗಳ ವಾಲ್ಯೂಮ್ ಸ್ಲೈಡರ್‌ಗಳನ್ನು 10 ಡೆಸಿಬೆಲ್‌ನಷ್ಟು ಇಳಿಸಿ. ಸದ್ದು ಸಣ್ಣದಾಯಿತು ಅನ್ನಿಸಿದರೆ ಸ್ಪೀಕರ್‌ನ ಗುಂಡಿ ತಿರುಗಿಸಿಕೊಳ್ಳಿ, ಸ್ಲೈಡರ್ ಮುಟ್ಟಬೇಡಿ. ‘ಪ್ರತಿ ಟ್ರ್ಯಾಕನ್ನೂ ನಾರ್ಮಲೈಸ್ ಮಾಡಿ’, ಅಂದರೆ ಅದರ ಶಿಖರವನ್ನು ಒಂದು ಗೊತ್ತಾದ ಮಟ್ಟಕ್ಕೆ ತನ್ನಿ, ಎಂಬ ಸಲಹೆ ಎಲ್ಲ ಕಡೆ ಓಡಾಡುತ್ತಿದೆ. ಮಿಕ್ಸ್‌ಗೆ ಮೊದಲು ಅದನ್ನು ಖಂಡಿತ ಮಾಡಬೇಡಿ. ಹಿನ್ನೆಲೆಯಲ್ಲಿ ಇರಬೇಕಾದ ತಂಬೂರಿಯನ್ನು ಗಾಯನದ ಎತ್ತರಕ್ಕೆ ಏರಿಸಿ, ಮತ್ತೆ ಇಳಿಸುತ್ತಾ ಕೂರುವ ಕೆಲಸ ಅದು. ಪೂರ್ತಿ ಮಿಕ್ಸ್ ಕೇಳುವಾಗ ಮೀಟರ್‌ನ ಶಿಖರ ಮೈನಸ್ 6ರ ಆಸುಪಾಸಿನಲ್ಲಿ ಆಡುತ್ತಿದ್ದರೆ ಸರಿ.

ಸಾಹಿತ್ಯ ಕೇಳಿಸುತ್ತಿಲ್ಲ ಎಂದಿರಲ್ಲ, ಭಾವಗೀತೆಗೆ ಅದು ಎಲ್ಲಕ್ಕಿಂತ ದೊಡ್ಡ ಕುಂದು. ಕವಿಯ ಮಾತು ತಲುಪದಿದ್ದರೆ ಉಳಿದದ್ದೆಲ್ಲ ಇದ್ದೂ ವ್ಯರ್ಥ. ಎಲ್ಲವನ್ನೂ ಮ್ಯೂಟ್ ಮಾಡಿ ಗಾಯನದಿಂದ ಶುರು ಮಾಡಿ. ಆಮೇಲೆ ತಬಲಾ ಸೇರಿಸಿ, ಲಯ ಕಾಲಿಗೆ ತಾಗುವಷ್ಟು. ನಂತರ ಹಾರ್ಮೋನಿಯಂ, ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಉಳಿಯುವಷ್ಟು ಮಾತ್ರ. ಕೊನೆಗೆ ತಂಬೂರಿ: ಅದು ಇದೆ ಎಂದು ಗೊತ್ತಾಗಬಾರದು, ಮ್ಯೂಟ್ ಮಾಡಿದರೆ ಏನೋ ಹೋಯಿತು ಅನ್ನಿಸಬೇಕು. ಇಷ್ಟೂ ಹೊತ್ತು ಸದ್ದನ್ನು ಚಿಕ್ಕದಾಗಿ, ಪಕ್ಕದಲ್ಲಿ ಕೂತವರ ಜೊತೆ ಮಾತಾಡುವಷ್ಟು ಮಟ್ಟದಲ್ಲಿ ಇಟ್ಟುಕೊಳ್ಳಿ. ಜೋರಾಗಿ ಕೇಳಿದರೆ ನಮ್ಮ ಕಿವಿಗೆ ಮಂದ್ರದ ಸದ್ದುಗಳು ಹೆಚ್ಚು ತುಂಬಿಕೊಂಡು ಎಲ್ಲವೂ ಚೆಂದವೇ ಕಾಣುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಸಣ್ಣ ಸದ್ದಿನಲ್ಲಿಯೂ ಮಾತು ಅರ್ಥವಾದರೆ ನಿಮ್ಮ ಹದ ಸರಿಯಾಗಿದೆ.

ಹಾರ್ಮೋನಿಯಂ ತಗ್ಗಿಸಿದರೂ ಅಡ್ಡ ಬರುತ್ತಿದ್ದರೆ ಕಾರಣ ಅದರ ಮಟ್ಟವಲ್ಲ, ಸ್ಥಾಯಿ. ರೀಡ್‌ಗಳ ನಾದ ಮನುಷ್ಯರ ದನಿ ಇರುವ ಜಾಗದಲ್ಲೇ ದಟ್ಟವಾಗಿ ಹರಡಿರುತ್ತದೆ. ವ್ಯಂಜನಗಳ ಸ್ಪಷ್ಟತೆ ಹೆಚ್ಚಾಗಿ ಇರುವುದು 2,000ದಿಂದ 4,000 ಹರ್ಟ್ಸ್ ಒಳಗೆ. ಬೇರೆ ಬೇರೆ ಸ್ಥಾಯಿಯ ಸದ್ದನ್ನು ಬೇರೆಯಾಗಿ ಏರಿಸಿ ಇಳಿಸುವ ‘ಫಿಲ್ಟರ್ ಕರ್ವ್ ಇಕ್ಯೂ’ ತೆರೆದು ಹಾರ್ಮೋನಿಯಂನಲ್ಲಿ ಆ ಭಾಗವನ್ನು 3 ಡೆಸಿಬೆಲ್‌ನಷ್ಟು ಕೆಳಗೆಳೆಯಿರಿ. ಗಾಯನವನ್ನು ಮುಟ್ಟದೆಯೇ ಅದು ಮುಂದೆ ಬಂದಂತೆ ಕೇಳಿಸುತ್ತದೆ. ಗಾಯನದ ಟ್ರ್ಯಾಕ್‌ನಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನದನ್ನು ತೆಗೆದರೆ ಫ್ಯಾನಿನ ಗುಂಯ್, ಮೈಕ್ ಸ್ಟ್ಯಾಂಡಿಗೆ ಕಾಲು ತಾಗಿದ ಸದ್ದು ಕಡಿಮೆಯಾಗುತ್ತವೆ. ತಬಲಾಕ್ಕೆ ಇದೇ ಕತ್ತರಿ ಹಾಕಬೇಡಿ, ಡಗ್ಗಾದ ಗುಮುಕು ಅಲ್ಲೇ ಕೆಳಗೆ ಇರುವುದು.

ಇನ್ನು ಪ್ಯಾನ್. ಕಛೇರಿಯಲ್ಲಿ ಕೂರುವ ಹಾಗೆಯೇ ಯೋಚಿಸಿ: ಗಾಯಕರು ನಡುವೆ, ಪಕ್ಕವಾದ್ಯದವರು ಆ ಕಡೆ, ಈ ಕಡೆ. ಗಾಯನ ನಟ್ಟನಡುವೆಯೇ ಇರಲಿ. ಹಾರ್ಮೋನಿಯಂ ಒಂದು ಪಕ್ಕಕ್ಕೆ ಶೇಕಡಾ 30, ತಬಲಾ ಇನ್ನೊಂದು ಪಕ್ಕಕ್ಕೆ ಶೇಕಡಾ 20ರಷ್ಟು ಸರಿಸಿದರೆ ಸಾಕು. ಪೂರ್ತಿ 100ಕ್ಕೆ ತಳ್ಳಿದರೆ ಹೆಡ್‌ಫೋನ್‌ನಲ್ಲಿ ಮೊದಲು ಬೆರಗಾಗುತ್ತದೆ, ಆಮೇಲೆ ತಲೆ ಒಂದು ಕಡೆ ಭಾರವಾದ ಹಾಗೆ ಅನ್ನಿಸುತ್ತದೆ. ಒಂದೇ ಇಯರ್‌ಫೋನ್ ಹಾಕಿಕೊಂಡು ಕೇಳುವವರಿಗೆ ತಬಲಾ ಇಲ್ಲವೇ ಇಲ್ಲ ಎಂದಾಗುತ್ತದೆ.

ಬ್ರಿಟನ್ನಿನ ಎಂಜಿನಿಯರ್ ಅಲನ್ ಬ್ಲಮ್ಲೀನ್ 1931ರಲ್ಲಿ ಸ್ಟೀರಿಯೊಗೆ ಪೇಟೆಂಟ್ ಅರ್ಜಿ ಹಾಕಿದರು. ಇಷ್ಟು ವರ್ಷಗಳಾದ ಮೇಲೂ ಬಹಳ ಜನ ಹಾಡು ಕೇಳುವುದು ಒಂದೇ ಸ್ಪೀಕರ್‌ನಲ್ಲಿ. ಅಗ್ಗದ ಫೋನ್, ಚಿಕ್ಕ ಬ್ಲೂಟೂತ್ ಡಬ್ಬಿ, ಸಮಾರಂಭದ ಮೈಕ್‌ಸೆಟ್ ಇಲ್ಲೆಲ್ಲ ಎಡ, ಬಲ ಎರಡೂ ಕೂಡಿ ಒಂದಾಗುತ್ತವೆ. ಹಾಗಾಗಿ ಸ್ಟೀರಿಯೊ ಮಿಕ್ಸ್ ಮುಗಿಸಿದ ಮೇಲೆ ಅದನ್ನು ಮೋನೊದಲ್ಲಿ ಒಮ್ಮೆ ಕೇಳಲೇಬೇಕು. ಟ್ರ್ಯಾಕ್ಸ್ ಮೆನುವಿನ ಮಿಕ್ಸ್ ಒಳಗೆ ‘ಮಿಕ್ಸ್ ಅಂಡ್ ರೆಂಡರ್ ಟು ನ್ಯೂ ಟ್ರ್ಯಾಕ್’ ಇದೆ. ಮೂಲ ಟ್ರ್ಯಾಕ್‌ಗಳನ್ನು ಹಾಗೇ ಬಿಟ್ಟು ಮಿಕ್ಸ್‌ನ ಒಂದು ಪ್ರತಿಯನ್ನು ಅದು ಮಾಡಿಕೊಡುತ್ತದೆ. ಆ ಪ್ರತಿಯ ಮೇಲೆ ‘ಮಿಕ್ಸ್ ಸ್ಟೀರಿಯೊ ಡೌನ್ ಟು ಮೋನೊ’ ಕೊಟ್ಟು, ಸೋಲೊ ಮಾಡಿ (ಅದೊಂದೇ ಕೇಳುವಂತೆ ಮಾಡಿ) ಕೇಳಿ, ಆಮೇಲೆ ಆ ಪ್ರತಿಯನ್ನು ಅಳಿಸಿ.

ಮೋನೊದಲ್ಲಿ ತಬಲಾ ತೆಳ್ಳಗಾಯಿತು ಅನ್ನಿಸಿದರೆ, ಅದನ್ನು ಎರಡು ಮೈಕ್‌ನಲ್ಲಿ ಹಿಡಿದಿದ್ದೀರಾ ನೋಡಿ. ಸದ್ದು 1 ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಒಂದು ಮೈಕ್ ಇನ್ನೊಂದಕ್ಕಿಂತ ಅಷ್ಟು ದೂರವಿದ್ದರೆ ಅದೇ ಪೆಟ್ಟು ಅಲ್ಲಿಗೆ 1 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಎರಡನ್ನೂ ಸಮನಾಗಿ ಕೂಡಿಸಿದಾಗ 500 ಹರ್ಟ್ಸ್‌ನಲ್ಲಿ ಒಂದರ ಏರು ಇನ್ನೊಂದರ ಇಳಿವಿಗೆ ಸರಿಯಾಗಿ ಬಿದ್ದು ಎರಡೂ ಅಳಿಸಿಹೋಗುತ್ತವೆ, 1,500ರಲ್ಲೂ 2,500ರಲ್ಲೂ ಇದೇ ಕಥೆ. ಇಕ್ಯೂ ಹಾಕಿ ಇದನ್ನು ತುಂಬಿಸಲಾಗದು. ಒಂದು ‘ನಾ’ ಪೆಟ್ಟನ್ನು ಹತ್ತಿರದಿಂದ ದೊಡ್ಡದು ಮಾಡಿ ನೋಡಿ. ಎರಡು ಟ್ರ್ಯಾಕ್‌ಗಳಲ್ಲಿ ಅಲೆ ಏಳುವ ಜಾಗ ಬೇರೆ ಬೇರೆ ಕಾಣುತ್ತದೆ. ತಡವಾದ ಕ್ಲಿಪ್ಪನ್ನು ಅಷ್ಟೇ ಎಡಕ್ಕೆ ಎಳೆದು ಹೊಂದಿಸಿ. ಒಂದು ಮೇಲಕ್ಕೂ ಇನ್ನೊಂದು ಕೆಳಕ್ಕೂ ಏಳುತ್ತಿದ್ದರೆ ಒಂದಕ್ಕೆ, ಅಲೆಯನ್ನು ತಲೆಕೆಳಗು ಮಾಡುವ ‘ಇನ್ವರ್ಟ್’ ಕೊಡಿ. ಡಗ್ಗಾ ಮತ್ತೆ ತುಂಬಿ ಬರುವುದು ಕಿವಿಗೇ ಗೊತ್ತಾಗುತ್ತದೆ.

ಇಷ್ಟಾದ ಮೇಲೆ ಫೈಲ್ ಮಾಡುವುದು ಸುಲಭ. ನಿಜ ಹೇಳಬೇಕೆಂದರೆ ಎಕ್ಸ್‌ಪೋರ್ಟ್‌ಗೆ ಮೊದಲು ‘ಮಿಕ್ಸ್ ಅಂಡ್ ರೆಂಡರ್’ ಕೊಡುವ ಅಗತ್ಯವೇ ಇಲ್ಲ, ಎಕ್ಸ್‌ಪೋರ್ಟ್ ಆಗುವಾಗ ಆಡಾಸಿಟಿ ತಾನೇ ಕೂಡಿಸುತ್ತದೆ. ಸೋಲೊ, ಮ್ಯೂಟ್ ಗುಂಡಿಗಳನ್ನು ಮಾತ್ರ ಒಮ್ಮೆ ನೋಡಿಕೊಳ್ಳಿ, ಮ್ಯೂಟ್ ಆದ ಟ್ರ್ಯಾಕ್ ಫೈಲ್‌ಗೆ ಬರುವುದಿಲ್ಲ. ಸ್ಟೀರಿಯೊ ಆರಿಸಿ, ಮೊದಲು 24 ಬಿಟ್ ವೇವ್ ಫೈಲ್ ತೆಗೆಯಿರಿ. ಅದನ್ನು ಹೊಸ ಪ್ರಾಜೆಕ್ಟ್‌ನಲ್ಲಿ ತೆರೆದು ಶಿಖರ ಮೈನಸ್ 1 ಡೆಸಿಬೆಲ್‌ಗೆ ಬರುವಂತೆ ನಾರ್ಮಲೈಸ್ ಮಾಡಿ. ಅದರ ಜಾಗ ಇದು. ಎಂಪಿ3 ಮಾಡುವಾಗ ಶಿಖರಗಳು ಕೊಂಚ ಮೇಲೇಳಬಹುದು, ಆ 1 ಡೆಸಿಬೆಲ್ ಬಿಡುವುದು ಅದಕ್ಕಾಗಿ. ವಾಟ್ಸ್‌ಆ್ಯಪ್‌ನಲ್ಲಿ ಹಂಚಲು ಎಂಪಿ3 ಬೇಕಿದ್ದರೆ ಈ ವೇವ್‌ನಿಂದಲೇ ಮಾಡಿ, ವಿಡಿಯೊಗೆ ಜೋಡಿಸುವುದಿದ್ದರೆ 48,000 ಹರ್ಟ್ಸ್ ಆರಿಸಿ.

ಮೂಲ ಪ್ರಾಜೆಕ್ಟನ್ನು ಬಿಡಿ ಟ್ರ್ಯಾಕ್‌ಗಳ ಸಮೇತ ಉಳಿಸಿಡಿ. ಬರೀ ‘ಮಿಕ್ಸ್ ಅಂಡ್ ರೆಂಡರ್’ ಕೊಟ್ಟರೆ ಮೂಲ ಟ್ರ್ಯಾಕ್‌ಗಳ ಜಾಗದಲ್ಲಿ ಮಿಕ್ಸ್ ಬಂದು ಕೂರುತ್ತದೆ. ಆಮೇಲೆ ಸೇವ್ ಮಾಡಿ ಪ್ರಾಜೆಕ್ಟ್ ಮುಚ್ಚಿದರೆ ಅನ್‌ಡೂ ಮಾಡಿ ಹಿಂದಕ್ಕೆ ಹೋಗಲು ಆಗುವುದಿಲ್ಲ. ಎರಡನೇ ಚರಣದಲ್ಲಿ ಹಾರ್ಮೋನಿಯಂ ಸ್ವಲ್ಪ ತಗ್ಗಿಸಿ ಎಂದು ಹಾಡಿದವರು ನಾಳೆ ಕೇಳಿದರೆ, ಕೂಡಿಸಿದ ಸ್ಟೀರಿಯೊ ಫೈಲ್‌ನಿಂದ ಅದೊಂದನ್ನೇ ಹಿಡಿದು ಇಳಿಸುವುದು ಕಷ್ಟ. ಪ್ರಾಜೆಕ್ಟ್ ಇದ್ದರೆ ಒಂದು ಸ್ಲೈಡರ್ ಸರಿಸಿ ಮತ್ತೊಮ್ಮೆ ಎಕ್ಸ್‌ಪೋರ್ಟ್ ಮಾಡಿದರಾಯಿತು.